ಕ್ಷಮೆಯ ಮೇರೆ: ಕನ್ನಡದ ಕ್ರೈಸ್ತ ವಾಙ್ಮಯದಲ್ಲಿ ಸರ್ವರಕ್ಷಣೆಯ ಪ್ರಶ್ನೆ

ಮಂಜೇಶ್ವರದ ಗೋವಿಂದ ಪೈಗಳ (೧೮೮೩–೧೯೬೩) ಖಂಡಕಾವ್ಯ ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’ ೧೯೩೭ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು. ಅದನ್ನು ಕುರಿತು ನಮ್ಮಲ್ಲಿ ರೂಢವಾಗಿರುವ ಪ್ರಶಂಸೆಯ ಮಾತು ಬಹುಮಟ್ಟಿಗೆ ಒಂದೇ: ಕ್ರೈಸ್ತನಲ್ಲದ ಕವಿಯೊಬ್ಬನು ಕ್ರಿಸ್ತನನ್ನು ಇಷ್ಟು ಭಕ್ತಿಯಿಂದ ಕಂಡನಲ್ಲ ಎಂಬುದು. ಈ ಮಾತು ಸುಳ್ಳಲ್ಲ; ಆದರೆ ಇದು ಕವಿಯ ಔದಾರ್ಯವನ್ನು ಹೊಗಳಿ ಕಾವ್ಯದ ವಸ್ತುವನ್ನು ಬದಿಗಿಡುವ ಮಾತು. ಆ ಕಡೆಯ ದಿನದಲ್ಲಿ ಯಾರನ್ನು ಕ್ಷಮಿಸಲಾಯಿತು, ಆ ಕ್ಷಮೆಗೆ ಮೇರೆಯುಂಟೇ, ಉಂಟಾದರೆ ಅದನ್ನು ಎಳೆದವರು ಯಾರು ಎಂಬುದನ್ನು ವಿಚಾರಿಸದೆ ಆ ದಿನವನ್ನೇ ವಸ್ತುವಾಗುಳ್ಳ ಕಾವ್ಯವನ್ನು ಓದಿ ಮುಗಿಸಿದೆವೆನ್ನಲು ಬಾರದು. ಇದು ಕ್ರೈಸ್ತ ದೇವಶಾಸ್ತ್ರದ ಬಹು ಹಳೆಯ ವಿವಾದ. ಎಲ್ಲರಿಗೂ ಕಟ್ಟಕಡೆಗೆ ರಕ್ಷಣೆಯುಂಟೇ ಅಥವಾ ಕೆಲವರು ಎಂದೆಂದಿಗೂ ಹೊರಗೇ ಉಳಿಯುವರೇ ಎಂಬ ಈ ವಿವಾದವು ಕನ್ನಡಕ್ಕೆ ಬಂದಾಗ ಯಾವ ಮಾತುಗಳಲ್ಲಿ ಬಂದಿತು, ಆ ಮಾತುಗಳು ಅದನ್ನು ಎತ್ತ ತಿರುಗಿಸಿದವು ಎಂಬುದನ್ನು ಮೊದಲು ನೋಡಿ, ಬಳಿಕ ಪೈಗಳ ವಸ್ತುವಿನ ಆಯ್ಕೆಗೆ ಬರಬೇಕೆಂದು ಈ ಲೇಖಕನ ಅಭಿಪ್ರಾಯ.

ಸುವಾರ್ತೆಗಳು ಹೇಳುವ ಆ ದಿನದ ಕಥೆಯಲ್ಲಿ ಒಂದೇ ಶಿಲುಬೆಯ ಮೇಲಿಂದ ಎರಡು ಬಗೆಯ ಕ್ಷಮೆ ಹೊರಡುತ್ತದೆ. ಎರಡೂ ಲೂಕನ ೨೩ನೆಯ ಅಧ್ಯಾಯದಲ್ಲಿಯೇ ಇವೆ. ಮೊದಲನೆಯದು ಮೊಳೆ ಹೊಡೆದವರನ್ನು ಕುರಿತದ್ದು. ತಾವು ಮಾಡುತ್ತಿರುವುದೇನೆಂದು ಅವರು ಅರಿಯರು, ಅವರನ್ನು ಕ್ಷಮಿಸಬೇಕು ಎಂದು ಯೇಸು ತಂದೆಯನ್ನು ಪ್ರಾರ್ಥಿಸುತ್ತಾನೆ. ಅವರಾದರೋ ಕ್ಷಮೆಯನ್ನು ಬೇಡಿದವರಲ್ಲ. ಆ ಹೊತ್ತಿನಲ್ಲಿ ಅವನ ಬಟ್ಟೆಗಳಿಗಾಗಿ ಚೀಟಿ ಹಾಕುತ್ತಿದ್ದರು. ಎರಡನೆಯದು ಪಕ್ಕದ ಶಿಲುಬೆಯ ಕಳ್ಳನಿಗೆ ಕೊಟ್ಟ ಅಭಯ. ಅವನು ತನ್ನ ತಪ್ಪನ್ನು ಒಪ್ಪಿಕೊಂಡು ಬೇಡಿದನು, ಪಡೆದನು. ಇನ್ನೊಬ್ಬ ಕಳ್ಳನು ಹಂಗಿಸಿದನು. ಅವನಿಗೆ ಯೇಸು ಏನನ್ನೂ ಹೇಳಲಿಲ್ಲ. ಮುಂದಿನ ಕಾಲದ ಚಿತ್ರಕಾರರು ಬಲಗಡೆಯವನನ್ನು ಸ್ವರ್ಗಕ್ಕೂ ಎಡಗಡೆಯವನನ್ನು ನರಕಕ್ಕೂ ಕಳುಹಿಸಿ ಲೆಕ್ಕವನ್ನು ಚುಕ್ತಾ ಮಾಡಿದರು. ಲೂಕನು ಹಾಗೆ ಮಾಡಿಲ್ಲ. ಅವನು ಆ ಎರಡನೆಯವನನ್ನು ಮೌನದಲ್ಲಿ ಬಿಟ್ಟಿದ್ದಾನೆ, ಮತ್ತು ಆ ಮೌನವನ್ನು ಶಾಪವೆಂದು ಓದಲು ಮೂಲದಲ್ಲಿ ಆಧಾರವಿಲ್ಲ.

ಇಲ್ಲಿ ಗ್ರಂಥಸಂಪಾದನೆಗೆ ಸೇರಿದ ಒಂದು ಸಂಗತಿಯನ್ನು ಗಮನಿಸಬೇಕು. ಬೇಡದವರಿಗೆ ಕ್ಷಮೆ ಕೋರುವ ಮೊದಲನೆಯ ವಾಕ್ಯವು ವ್ಯಾಟಿಕನ್ ಕೋಶವೇ ಮೊದಲಾದ ಕೆಲವು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಸೈನಾಯ್ ಕೋಶದಲ್ಲಿ ಇದ್ದರೂ ಅಲ್ಲಿ ತಿದ್ದುಗಾರನೊಬ್ಬನು ಅದನ್ನು ಗುರುತುಹಾಕಿ ಬೇರ್ಪಡಿಸಿದ್ದಾನೆ. ಅದು ಮೂಲದ್ದೇ, ಆಮೇಲೆ ಸೇರಿದ್ದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯೇಸುವನ್ನು ಕೊಂದವರಿಗೆ ಇಷ್ಟು ಸುಲಭವಾಗಿ ಕ್ಷಮೆ ದೊರೆಯಕೂಡದೆಂದು ಪ್ರತಿಕಾರನೊಬ್ಬನು ಬಿಟ್ಟಿರಬಹುದೆಂಬುದು ಒಂದು ಊಹೆ. ಪಂಪನ ಪ್ರತಿಗಳನ್ನೂ ವಚನಗಳ ಕಟ್ಟುಗಳನ್ನೂ ಕೈಯಲ್ಲಿ ಹಿಡಿದವರಿಗೆ ಇಂತಹ ಲಿಪಿಕಾರರ ಪರಿಚಯವಿದ್ದೇ ಇದೆ. ಕಳ್ಳನಿಗೆ ಕೊಟ್ಟ ಮಾತನ್ನು ಯಾರೂ ಹೀಗೆ ಕೈಬಿಟ್ಟಿಲ್ಲವೆಂಬುದು ಗಮನಾರ್ಹ. ಬೇಡಿದವನಿಗೆ ಕೊಡುವುದು ಎಲ್ಲರಿಗೂ ಸಮ್ಮತ. ತೊಡಕು ಇರುವುದು ಬೇಡದವನಲ್ಲಿ.

ಇನ್ನು ಮಾತುಗಳ ವಿಚಾರ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಕ್ಷಮಿಸುವುದಕ್ಕೆ ಬಹುವಾಗಿ ಬಳಕೆಯಾಗಿರುವ ಧಾತು ‘ಅಫಿಎಮಿ’. ಅದರ ನೇರವಾದ ಅರ್ಥ ಬಿಟ್ಟುಬಿಡು, ಹೋಗಗೊಡು. ಹಿಡಿದ ಸಾಲವನ್ನು ಬಿಡುವುದು, ಕಟ್ಟಿದ ದನವನ್ನು ಬಿಡುವುದು ಎರಡಕ್ಕೂ ಅದು ಸಲ್ಲುತ್ತದೆ. ಮತ್ತಾಯನ ಪ್ರಾರ್ಥನೆಯಲ್ಲಿ ಬಿಡಬೇಕಾದದ್ದು ಅಕ್ಷರಶಃ ಸಾಲವೇ. ಕನ್ನಡದಲ್ಲಿ ಇದಕ್ಕೆ ನಿಂತದ್ದು ‘ಕ್ಷಮಿಸು’. ಸಂಸ್ಕೃತದ ಕ್ಷಮ್ ಧಾತುವಿಗೆ ಸಹಿಸು ಎಂಬುದೇ ಮೊದಲ ಅರ್ಥ. ಅಮರಕೋಶವು ಕ್ಷಮಾ ಶಬ್ದಕ್ಕೆ ತಾಳ್ಮೆಯೆಂದೂ ಭೂಮಿಯೆಂದೂ ಎರಡರ್ಥಗಳನ್ನು ಹೇಳುತ್ತದೆ. ಭೂಮಿಗೆ ಸರ್ವಂಸಹೆ ಎಂಬ ಹೆಸರೂ ಉಂಟಷ್ಟೆ. ತುಳಿದವನು ಯಾರೆಂದು ಅವಳು ಕೇಳಳು. ಹೀಗೆ ಗ್ರೀಕಿನಲ್ಲಿ ಕ್ಷಮಿಸುವವನು ಕೈಯನ್ನು ತೆರೆಯುತ್ತಾನೆ, ಸಂಸ್ಕೃತದಲ್ಲಿ ಬೆನ್ನನ್ನು ಒಡ್ಡುತ್ತಾನೆ. ಮೊದಲನೆಯದರಲ್ಲಿ ಸಾಲಗಾರನು ಋಣಮುಕ್ತನಾಗುತ್ತಾನೆ. ಎರಡನೆಯದರಲ್ಲಿ ಅವನಿಗೆ ಏನಾಯಿತೆಂಬುದು ಆ ಮಾತಿನಿಂದ ತಿಳಿಯುವುದಿಲ್ಲ.

ಕನ್ನಡದ್ದೇ ಆದ ‘ಮನ್ನಿಸು’ ಹಳೆಯ ಪ್ರಯೋಗಗಳಲ್ಲಿ ಗೌರವಿಸು ಎಂಬರ್ಥದ್ದು; ಮನ್ನಣೆ ಎಂಬ ರೂಪದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ತಪ್ಪಿತಸ್ಥನನ್ನು ಮತ್ತೆ ಮಾನವಂತನ ಸಾಲಿನಲ್ಲಿ ಕುಳ್ಳಿರಿಸುವುದೇ ಕ್ಷಮೆ ಎಂಬ ಸೂಕ್ಷ್ಮವು ಆ ಪದದಲ್ಲಿ ಅಡಗಿದೆ. ಲೂಕನ ೧೫ನೆಯ ಅಧ್ಯಾಯದ ತಪ್ಪಿಹೋದ ಮಗನ ಕಥೆಗೆ ಇದಕ್ಕಿಂತ ಒಪ್ಪುವ ಪದವಿಲ್ಲ. ತಂದೆ ಆ ಮಗನಿಗೆ ಉಡಿಗೆಯನ್ನೂ ಉಂಗುರವನ್ನೂ ತೊಡಿಸುತ್ತಾನೆ, ಎಂದರೆ ಮನ್ನಿಸುತ್ತಾನೆ. ಕಂದಾಯದ ಕಡತಗಳಿಂದ ಇಳಿದು ಬಂದ ‘ಮಾಫಿ’ಯೂ ‘ಸಾಲಮನ್ನಾ’ವೂ ಗ್ರೀಕ್ ಪದಕ್ಕೆ ಇನ್ನೂ ಸಮೀಪದವು. ಮತ್ತಾಯನ ೧೮ನೆಯ ಅಧ್ಯಾಯದ ದೃಷ್ಟಾಂತವು ಸಾಲಮನ್ನಾದ ಕಥೆಯೇ ಹೌದು. ಅರಸನು ಬಿಟ್ಟದ್ದು ೧೦,೦೦೦ ತಲಾಂತು. ಹಾಗೆ ಬಿಡಿಸಿಕೊಂಡವನು ತನ್ನ ಜೊತೆಯಾಳಿನ ಕುತ್ತಿಗೆ ಹಿಡಿದದ್ದು ೧೦೦ ದೀನಾರಕ್ಕೆ. ಒಂದು ತಲಾಂತಿಗೆ ಸುಮಾರು ೬,೦೦೦ ದೀನಾರವೆಂದು ಹಿಡಿದರೆ ಎರಡನೆಯ ಸಾಲಕ್ಕಿಂತ ಮೊದಲನೆಯದು ೬ ಲಕ್ಷ ಪಟ್ಟು ದೊಡ್ಡದು. ನಮ್ಮ ರಾಜ್ಯದಲ್ಲಿ ೨೦೧೮ರಲ್ಲಿ ಬೆಳೆಸಾಲದ ಮನ್ನಾ ಘೋಷಿತವಾದಾಗ ಯಾರು ಅರ್ಹರು, ಯಾವ ತಾರೀಖಿನೊಳಗಿನ ಸಾಲ, ಎಷ್ಟು ಮೊತ್ತದವರೆಗೆ ಎಂಬ ಪಟ್ಟಿಗಳು ಬಂದವು. ಸಕಾಲಕ್ಕೆ ಕಟ್ಟಿದವರು ತಮಗೇನು ಬಂದಿತೆಂದು ಕೇಳಿದರು. ಮತ್ತಾಯನ ೨೦ನೆಯ ಅಧ್ಯಾಯದಲ್ಲಿ ಬೆಳಗಿನಿಂದ ದುಡಿದ ಕೂಲಿಗಳು ಸಂಜೆಗೆ ಬಂದವರಿಗೂ ಸಮನಾದ ಕೂಲಿ ಕೊಟ್ಟ ಯಜಮಾನನನ್ನು ಕೇಳಿದ್ದೂ ಅದನ್ನೇ. ಸರ್ವರಿಗೂ ರಕ್ಷಣೆ ಎಂಬ ಮಾತಿಗೆ ಶತಮಾನಗಳಿಂದ ಬಂದಿರುವ ವಿರೋಧದಲ್ಲಿ ಬಹುಪಾಲು ಈ ಗೊಣಗಾಟವೇ ಎಂದರೆ ಹೆಚ್ಚಾಗಲಾರದು.

ಇವೆಲ್ಲವುಗಳಿಗಿಂತ ಆಳವಾದ ಇನ್ನೊಂದು ನುಡಿಗಟ್ಟು ನಮ್ಮ ಆಡುಮಾತಿನಲ್ಲಿದೆ. ಅದು ಯಾವ ಅನುವಾದಕನ ಕಣ್ಣಿಗೂ ಬಿದ್ದಂತೆ ತೋರುವುದಿಲ್ಲ. ಹಿಂದೆ ಹುಬ್ಬಳ್ಳಿಯ ಹೊರಗಿನ ಹಳ್ಳಿಯಾಗಿದ್ದು ಈಗ ಮಹಾನಗರದೊಳಗೆ ಸೇರಿಹೋಗಿರುವ ಗೋಪನಕೊಪ್ಪದ ಓಣಿಗಳಲ್ಲಿ ಹಿರಿಯರ ಮುಂದೆ ತಪ್ಪೊಪ್ಪಿಕೊಳ್ಳುವವನು ಕ್ಷಮಿಸಿರಿ ಎನ್ನುವುದಿಲ್ಲ. “ತಪ್ಪಾತ್ರೀ, ಹೊಟ್ಟ್ಯಾಗ ಹಾಕ್ಕೋರಿ” ಎನ್ನುತ್ತಾನೆ. ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳುವುದೆಂದರೆ ಅದನ್ನು ಇಲ್ಲವೆನ್ನುವುದಲ್ಲ, ಲೆಕ್ಕದಿಂದ ಹೊಡೆದುಹಾಕುವುದೂ ಅಲ್ಲ. ಅದು ಎಲ್ಲಿಯಾದರೂ ಇರಲೇಬೇಕಾದ ವಸ್ತು. ಮಾಡಿದವನ ತಲೆಯ ಮೇಲಿರುವ ಬದಲು ನೊಂದವನ ಒಡಲಿನಲ್ಲಿರಲಿ ಎಂಬುದು ಆ ಮಾತಿನ ಭಾವ. ತಾಯಿಯ ಒಡಲಿನ ನೆನಪೂ ವಿಷವನ್ನು ನುಂಗಿದ ನೀಲಕಂಠನ ನೆನಪೂ ಅದರ ಹಿಂದೆ ಇವೆ. ಶಿಲುಬೆಯ ಸಿದ್ಧಾಂತವನ್ನು ವಿವರಿಸಲು ಪಾಶ್ಚಾತ್ಯ ದೇವಶಾಸ್ತ್ರಜ್ಞರು ನ್ಯಾಯಾಲಯದ ದಂಡದಿಂದಲೂ ಜಮೀನುದಾರನ ಮಾನನಷ್ಟದಿಂದಲೂ ಉಪಮಾನಗಳನ್ನು ತಂದು ಗ್ರಂಥಗಳನ್ನು ತುಂಬಿದ್ದಾರೆ. ಗೋಪನಕೊಪ್ಪದ ಈ ಮಾತಿನಲ್ಲಿ ಆ ಸಿದ್ಧಾಂತದ ತಿರುಳು ಇದೆ. ದಂಡಾಧಿಕಾರಿ ಮಾತ್ರ ಇಲ್ಲ.

ಹಾಗಿದ್ದರೆ ಮಿಶನರಿಗಳ ಕನ್ನಡವು ಯಾವ ದಾರಿಯನ್ನು ಹಿಡಿಯಿತು? ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಗಳನ್ನು ತೆರೆದರು. ಇಡಿಯ ಬೈಬಲ್ಲನ್ನು ಮೊದಲು ಕನ್ನಡಿಸಿದ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರ ಅನುವಾದವನ್ನು ಬಾಸೆಲ್‌ನ ವೈಗ್ಲೆ ಮೊದಲಾದವರು ತಿದ್ದಿ ಸುಧಾರಿಸಿದರು. ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯೆಂಬ ಪದ್ಯಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಧಾಟಿಯಲ್ಲಿ ಹೇಳಿದರು. ಇವರ ಬೋಧನೆಯ ಮುಖ್ಯಸ್ವರವು ಪಶ್ಚಾತ್ತಾಪ ಮತ್ತು ದೀಕ್ಷಾಸ್ನಾನಗಳದು. ದೀಕ್ಷೆಯೆಂಬ ಪದ ಲಿಂಗದೀಕ್ಷೆಯ ನಾಡಿನಲ್ಲಿ ಏನನ್ನು ಧ್ವನಿಸುತ್ತದೆಂದು ಹೇಳಬೇಕಾದುದಿಲ್ಲ: ಭವಿ-ಭಕ್ತರ ನಡುವಣ ಗೆರೆ. ಜಾತಿಯನ್ನು ಸಂಪೂರ್ಣವಾಗಿ ತೊರೆಯಬೇಕೆಂದು ಈ ಮಿಶನ್ನು ಪಟ್ಟುಹಿಡಿದುದರಿಂದ ಆ ಗೆರೆಯನ್ನು ದಾಟಿದವನು ಮನೆಯನ್ನೂ ನಂಟನ್ನೂ ಕೆಲಸವನ್ನೂ ಕಳೆದುಕೊಳ್ಳುತ್ತಿದ್ದನು. ೧೮೪೪ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಬದುಕು ಇದಕ್ಕೆ ಸಾಕ್ಷಿ. ಮಿಶನ್ನಿನ ನೇಯ್ಗೆಯ ಮತ್ತು ಹೆಂಚಿನ ಕಾರಖಾನೆಗಳು ಹುಟ್ಟಿದ್ದು ಬಹುಮಟ್ಟಿಗೆ ಹೀಗೆ ಹೊರಬಿದ್ದವರಿಗೆ ಅನ್ನದ ದಾರಿಯನ್ನು ಕಾಣಿಸುವುದಕ್ಕಾಗಿಯೇ. ಇಷ್ಟು ಬೆಲೆ ತೆತ್ತು ಒಳಗೆ ಬಂದವನಿಗೆ, ಹೊರಗೆ ಉಳಿದವರಿಗೂ ಕಡೆಗೆ ಇದೇ ದೊರೆಯುವುದೆಂದು ಹೇಳುವ ಬೋಧಕನು ಯಾವ ಮುಖದಿಂದ ಹೇಳಬೇಕು? ಆ ಕಾಲದ ಬೋಧನೆಯ ಕಟ್ಟುನಿಟ್ಟಿಗೆ ಕಾರಣವನ್ನು ಹುಡುಕುವವರು ಸಿದ್ಧಾಂತದ ಗ್ರಂಥಗಳಿಗಿಂತ ಮೊದಲು ಈ ಮನೆಗಳ ಬಾಗಿಲುಗಳನ್ನು ನೋಡಬೇಕು.

ವಿಚಿತ್ರವೆಂದರೆ ಈ ಬೋಧಕರು ಹೊರಟುಬಂದ ನಾಡು ಸರ್ವರಕ್ಷಣೆಯ ವಿಚಾರಕ್ಕೆ ತವರುಮನೆಯಂತಿದ್ದದ್ದು. ಹೆಬಿಕ್, ಮೋಗ್ಲಿಂಗ್, ಗುಂಡರ್ಟ್ ಇವರೆಲ್ಲರೂ ದಕ್ಷಿಣ ಜರ್ಮನಿಯ ವಿರ್ಟೆಂಬರ್ಗ್ ಸೀಮೆಯವರು. ಅಲ್ಲಿಯ ಭಕ್ತಪಂಥದಲ್ಲಿ ಬೆಂಗೆಲ್ (೧೬೮೭–೧೭೫೨), ಏಟಿಂಗರ್ (೧೭೦೨–೧೭೮೨), ಮಿಖಾಯೆಲ್ ಹಾನ್ (೧೭೫೮–೧೮೧೯) ಎಂಬ ಗುರುಪರಂಪರೆಯೊಂದು ಸಮಸ್ತವೂ ಕಡೆಗೆ ದೇವರಲ್ಲಿ ಪುನಃಸ್ಥಾಪಿತವಾಗುವುದೆಂಬ ನಂಬಿಕೆಯನ್ನು ಪೋಷಿಸುತ್ತ ಬಂದಿತ್ತು. ಆದರೆ ಬೆಂಗೆಲರ ದೃಷ್ಟಿಯಲ್ಲಿ ಅದು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು, ವೇದಿಕೆಯಿಂದ ಸಾರತಕ್ಕದ್ದಲ್ಲ. ಇದನ್ನು ನಂಬದವನು ಎತ್ತು, ಬೋಧಿಸುವವನು ಕತ್ತೆ ಎಂಬರ್ಥದ ಒರಟು ಮಾತೊಂದು ಆ ಪಂಥದವರಲ್ಲಿ ಪ್ರಚಾರದಲ್ಲಿತ್ತು. ಬಾಸೆಲ್‌ನ ಮಿಶನ್ ಶಾಲೆಯಲ್ಲಿ ೧೮೩೦ರಿಂದ ೧೮೩೭ರವರೆಗೆ ಪಾಠ ಹೇಳಿದ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟರು ಮುಂದೆ ಎಲ್ಲರ ಮೇಲೆ ಕೃಪೆ ಸುರಿಯುವ ಕಾಲವನ್ನು ಎದುರುನೋಡಿದವರೆಂದೇ ಹೆಸರಾದರು. ಅದೇ ಬಾಸೆಲ್‌ನಲ್ಲಿ ನೂರು ವರ್ಷಗಳ ಅನಂತರ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಬಾರ್ತ್, ಬ್ಲೂಮ್‌ಹಾರ್ಟರಿಗೆ ತಾವು ಋಣಿಗಳೆಂದು ಒಪ್ಪಿಕೊಂಡವರು, ೧೯೪೨ರ ಸಂಪುಟದಲ್ಲಿ ದೇವರ ತಿರಸ್ಕಾರವೆಲ್ಲವೂ ಕ್ರಿಸ್ತನೊಬ್ಬನ ಮೇಲೆಯೇ ಬಿದ್ದುಹೋಯಿತೆಂದು ವಾದಿಸಿದರು. ಹಾಗಾದರೆ ಎಲ್ಲರಿಗೂ ರಕ್ಷಣೆಯೇ ಎಂದು ಕೇಳಿದರೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕತ್ತೆಯೆನಿಸಿಕೊಳ್ಳಲು ಆ ಊರಿನವರು ಎಂದೂ ಸಿದ್ಧರಿರಲಿಲ್ಲವೆಂದು ತೋರುತ್ತದೆ.

ಸಿದ್ಧಾಂತದ ಇತಿಹಾಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ೩ನೆಯ ಶತಮಾನದ ಅಲೆಗ್ಸಾಂಡ್ರಿಯದ ಓರಿಗೆನ್ ಸರ್ವಪುನಃಸ್ಥಾಪನೆಯನ್ನು ಪ್ರತಿಪಾದಿಸಿದನು, ಆಗಸ್ಟೀನನು ಅಂತಹ ‘ಕರುಣಾಳು’ಗಳನ್ನು ಖಂಡಿಸಿದನು, ೬ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾಲಕ್ಕೆ ಓರಿಗೆನನ ಮತಕ್ಕೆ ಬಹಿಷ್ಕಾರ ಬಿದ್ದಿತು. ರೋಮನ್ ಸಭೆಯಾದರೋ ೧೯೬೪ರಲ್ಲಿ ತನ್ನ ಮಹಾಸಭೆಯ ಶಾಸನದಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರಿಗೂ ರಕ್ಷಣೆ ಸಾಧ್ಯವೆಂದು ಒಪ್ಪಿತು. ೨೦೧೯ರಲ್ಲಿ ಡೇವಿಡ್ ಬೆಂಟ್ಲಿ ಹಾರ್ಟ್ ಎಂಬ ಪೂರ್ವಸಭೆಯ ವಿದ್ವಾಂಸರು ಓರಿಗೆನನ ಪಕ್ಷವನ್ನು ಮತ್ತೆ ಗಟ್ಟಿದನಿಯಲ್ಲಿ ಎತ್ತಿಹಿಡಿದರು. ಕನ್ನಡದ ಮಟ್ಟಿಗೆ ಈ ಚರ್ಚೆಯ ಗಂಟು ಇರುವುದು ‘ನಿತ್ಯ’ವೆಂಬ ಒಂದು ಪದದಲ್ಲಿ.

ಮತ್ತಾಯನ ೨೫ನೆಯ ಅಧ್ಯಾಯದ ಕೊನೆಯಲ್ಲಿ ದಂಡನೆಗೂ ಜೀವಕ್ಕೂ ‘ಐಓನಿಯೋಸ್’ ಎಂಬ ಒಂದೇ ವಿಶೇಷಣವಿದೆ. ‘ಐಓನ್’ ಎಂದರೆ ಯುಗ. ಆದುದರಿಂದ ಆ ವಿಶೇಷಣಕ್ಕೆ ಬರಲಿರುವ ಯುಗಕ್ಕೆ ಸೇರಿದ್ದು ಎಂದರ್ಥ ಹೇಳುವವರೂ ಇದ್ದಾರೆ, ಕೊನೆಯಿಲ್ಲದ್ದು ಎಂದರ್ಥ ಹೇಳುವವರೂ ಇದ್ದಾರೆ. ಕನ್ನಡ ಬೈಬಲ್ಲು ಎರಡು ಕಡೆಗೂ ‘ನಿತ್ಯ’ವನ್ನೇ ಇಟ್ಟಿತು. ಈ ಆಯ್ಕೆಯ ಹಿಂದಿನ ಇಕ್ಕಟ್ಟನ್ನು ಅರ್ಥಮಾಡಿಕೊಳ್ಳಬಹುದು. ಪುರಾಣಗಳನ್ನು ಕೇಳಿ ಬೆಳೆದ ಕನ್ನಡಿಗನಿಗೆ ನರಕವೆಂಬುದು ಅವಧಿಯುಳ್ಳ ಶಿಕ್ಷೆ. ಕರ್ಮ ಸವೆದಾಗ ಅಲ್ಲಿಂದ ಬಿಡುಗಡೆ. ಸ್ವರ್ಗವೂ ಹಾಗೆಯೇ, ಪುಣ್ಯ ತೀರಿದರೆ ಇಳಿಯಬೇಕು. ಅಂತಹ ಕೇಳುಗನೆದುರು ಯುಗಕಾಲದ ದಂಡನೆಯೆಂದು ಹೇಳಿದ್ದರೆ ಅವನು ಅದನ್ನು ತನ್ನ ಹಳೆಯ ಲೆಕ್ಕಕ್ಕೇ ಜಮೆ ಮಾಡುತ್ತಿದ್ದನು. ಜೀವವು ನಿತ್ಯವೆನ್ನಬೇಕಾದರೆ ದಂಡನೆಯನ್ನೂ ನಿತ್ಯವೆನ್ನಬೇಕಾಯಿತು. ಹೀಗೆ ಗ್ರೀಕಿನಲ್ಲಿ ತೆರೆದಿದ್ದ ಬಾಗಿಲೊಂದು ಕನ್ನಡದಲ್ಲಿ ಮುಚ್ಚಿತು.

ಆದರೂ ನಿತ್ಯನರಕದ ಕಲ್ಪನೆ ಈ ನಾಡಿಗೆ ಹಡಗಿನಲ್ಲಿ ಬಂದದ್ದೆಂದು ತಿಳಿಯುವುದು ತಪ್ಪಾದೀತು. ೧೩ನೆಯ ಶತಮಾನದಲ್ಲಿಯೇ ಉಡುಪಿಯ ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆಯನ್ನು ಹೇಳಿ, ಕೊನೆಯವರಿಗೆ ಮರಳಿ ಬಾರದ ಅಂಧಂತಮಸ್ಸನ್ನು ವಿಧಿಸಿದ್ದರು. ಭಾರತೀಯ ದರ್ಶನಗಳಲ್ಲಿ ಇದು ಅಪೂರ್ವವಾದ ಮತ. ಅದೇ ಮತದ ಅನುಯಾಯಿಗಳಾದ ಹರಿದಾಸರು, ಮಗನನ್ನು ಕರೆಯುವ ನೆಪದಲ್ಲಿ ನಾರಾಯಣನ ಹೆಸರು ಹಿಡಿದು ಯಮದೂತರಿಂದ ಪಾರಾದ ಅಜಾಮಿಳನನ್ನು ಮನೆಮಾತಾಗಿಸಿದರು. ಶಾಸ್ತ್ರವು ಎಳೆದ ಗೆರೆಯನ್ನು ಹಾಡು ದಾಟಿತು. ಅಜಾಮಿಳನು ಶಿಲುಬೆಯ ಕಳ್ಳನಿಗಿಂತಲೂ ಒಂದು ಹೆಜ್ಜೆ ಮುಂದೆ. ಅವನು ದೇವರನ್ನು ಬೇಡಲೂ ಇಲ್ಲ. ಈ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವರಲ್ಲಿ ಮೊದಲಿಗರು ಮೋಗ್ಲಿಂಗರೇ, ೧೮೫೦ರಲ್ಲಿ. ವಿರ್ಟೆಂಬರ್ಗಿನಲ್ಲಿ ಪಿಸುದನಿಯಲ್ಲಿದ್ದ ವಿಚಾರವು ಕನ್ನಡದಲ್ಲಿ ತಂಬೂರಿಯ ಮೇಲೆ ಹಾಡುತ್ತಿರುವುದನ್ನು ಅವರು ಕಂಡಿರಲೇಬೇಕು.

ಈಗ ಗೋವಿಂದ ಪೈಗಳ ಕಡೆಗೆ. ‘ಗೊಲ್ಗೊಥಾ’ದ ತರುವಾಯ ಅವರು ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯ ವಸ್ತುವಾಗಿಸಿದರು, ಕೃಷ್ಣನ ಮತ್ತು ಗಾಂಧೀಜಿಯವರ ಕಡೆಯ ದಿನಗಳನ್ನು ‘ಪ್ರಭಾಸ’, ‘ದೆಹಲಿ’ ಎಂಬ ಹೆಸರುಗಳಲ್ಲಿ ಕೈಗೆತ್ತಿಕೊಂಡರು. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡುವವರು ಸಾಮಾನ್ಯವಾಗಿ ಮಹಾಪುರುಷರ ಸಾವು ಎಂಬ ಸಮಾನಾಂಶವನ್ನಷ್ಟೇ ಹೇಳುತ್ತಾರೆ. ನಮಗೆ ತೋರುವಂತೆ ಅವುಗಳನ್ನು ಹೆಣೆಯುವ ಎಳೆ ಬೇರೆ. ನಾಲ್ಕು ದಿನಗಳಲ್ಲಿಯೂ ಸಾವಿಗೆ ಕಾರಣನಾದ ಒಬ್ಬನಿದ್ದಾನೆ, ಮತ್ತು ಅವನಿಗೇನಾಗಬೇಕೆಂಬ ಪ್ರಶ್ನೆಯಿದೆ. ಪಾಲಿಯ ಮಹಾಪರಿನಿಬ್ಬಾಣಸುತ್ತದಲ್ಲಿ ಕಮ್ಮಾರನ ಮಗ ಚುಂದನು ಬಡಿಸಿದ ಊಟದಿಂದ ಬುದ್ಧನಿಗೆ ಬೇನೆ ಹತ್ತುತ್ತದೆ; ಬುದ್ಧನು ತನ್ನ ನೋವಿನ ನಡುವೆ ಆನಂದನನ್ನು ಕರೆದು, ಚುಂದನಿಗೆ ಯಾರೂ ಪರಿತಾಪವನ್ನುಂಟುಮಾಡದಂತೆ ನೋಡಿಕೊಳ್ಳಬೇಕೆನ್ನುತ್ತಾನೆ. ಭಾಗವತದ ೧೧ನೆಯ ಸ್ಕಂಧದಲ್ಲಿ ಜರನೆಂಬ ಬೇಡನು ಜಿಂಕೆಯೆಂದು ಬಗೆದು ಕೃಷ್ಣನ ಪಾದಕ್ಕೆ ಬಾಣವಿಡುತ್ತಾನೆ. ನಡುಗುತ್ತ ಬಂದು ಬಿದ್ದವನಿಗೆ ಕೃಷ್ಣನು ಅಭಯವಿತ್ತು ಸ್ವರ್ಗಕ್ಕೆ ಕಳುಹಿಸುತ್ತಾನೆ, ತಾನು ಹೋಗುವುದಕ್ಕೂ ಮೊದಲೇ. ಲೂಕನಲ್ಲಿ ಸಿಪಾಯಿಗಳು ತಾವು ಮಾಡುವುದನ್ನು ಅರಿಯದವರು. ಮೂರು ಕಥೆಗಳಲ್ಲಿಯೂ ಅರಿಯದಿರುವಿಕೆಯೇ ಕ್ಷಮೆಗೆ ದಾರಿ. ಪೈಗಳು ಸಾಮ್ಯಗಳನ್ನು ಹುಡುಕಿ ತೆಗೆಯುವ ಸಂಶೋಧಕರೂ ಆಗಿದ್ದರೆಂಬುದನ್ನು ನೆನೆದರೆ ಈ ಸರಣಿ ಆಕಸ್ಮಿಕವೆನ್ನಲು ಮನಸ್ಸು ಒಪ್ಪದು.

ಆದರೆ ಅರಿಯದವರನ್ನು ಕ್ಷಮಿಸುವುದರಿಂದ ಸರ್ವರಿಗೂ ಕ್ಷಮೆಯೆಂದಂತಾಗಲಿಲ್ಲ. ಅರಿತು ಮಾಡಿದವನ ಮಾತೇನು? ಗೊಲ್ಗೊಥಾದ ದಿನದಲ್ಲಿ ಅವನ ಹೆಸರು ಯೂದ ಇಸ್ಕರಿಯೋತ. ೩೦ ಬೆಳ್ಳಿಯ ನಾಣ್ಯಗಳನ್ನು ಪಡೆದು ಒಪ್ಪಿಸಿಕೊಟ್ಟವನು, ಆಮೇಲೆ ಪಶ್ಚಾತ್ತಾಪಪಟ್ಟು ಹಣವನ್ನು ಹಿಂದಕ್ಕೆ ಎಸೆದವನು, ನೇಣು ಹಾಕಿಕೊಂಡವನು. ಮಿಶನ್ನಿನ ಬೋಧನೆ ಕೇಳುವ ಪಶ್ಚಾತ್ತಾಪ ಅವನಲ್ಲಿ ಇತ್ತು. ಅದನ್ನು ತೆಗೆದುಕೊಳ್ಳುವವರು ದೇವಾಲಯದಲ್ಲಿ ಯಾರೂ ಇರಲಿಲ್ಲ. ಸರ್ವರಕ್ಷಣೆಯನ್ನು ಒಪ್ಪುವವರೂ ಒಪ್ಪದವರೂ ಕಡೆಗೆ ಬಂದು ಮುಟ್ಟುವ ಕಲ್ಲು ಇವನೇ. ಬಾರ್ತರೂ ಆ ೧೯೪೨ರ ಸಂಪುಟದಲ್ಲಿ ಯೂದನಿಗಾಗಿ ಹಲವಾರು ಪುಟಗಳನ್ನು ಮೀಸಲಿಡಬೇಕಾಯ್ತು. ಪೈಗಳನ್ನು ಕುರಿತ ನಮ್ಮ ವಿಮರ್ಶೆ ಯೂದನ ಮುಂದೆ ನಿಂತು ವಿಚಾರಿಸದೆ ಕ್ರಿಸ್ತನ ಕರುಣೆಯ ವರ್ಣನೆಗೆ ನೇರವಾಗಿ ಹಾರಿಬಿಡುತ್ತದೆ. ಅದು ಭಕ್ತಿಯ ಓದು, ವಿಮರ್ಶೆಯ ಓದಲ್ಲ.

ಮೂರು ಕಥೆಗಳಿಗೆ ನಾಲ್ಕನೆಯದನ್ನು ಸೇರಿಸಿದಾಗ ಕವಿಯ ವಸ್ತು ಈ ಕಲ್ಲಿಗೆ ಎದುರಾಗಿಯೇ ನಿಂತಿತು. ದೆಹಲಿಯಲ್ಲಿ ಅರಿಯದೆ ಮಾಡಿದವರಾರೂ ಇರಲಿಲ್ಲ. ೧೯೪೮ರ ಜನವರಿ ೨೦ರಂದು ಬಿರ್ಲಾ ಭವನದ ಪ್ರಾರ್ಥನಾಸ್ಥಳದಲ್ಲಿ ಬಾಂಬು ಸಿಡಿಸಿದ ತರುಣನನ್ನು ಯಾರೂ ದ್ವೇಷಿಸಕೂಡದೆಂದು ಗಾಂಧೀಜಿಯವರು ಮರುದಿನದ ಪ್ರಾರ್ಥನಾಸಭೆಯಲ್ಲಿ ಹೇಳಿದರು. ಆ ತರುಣನು ಅವರ ಕ್ಷಮೆಯನ್ನು ಬೇಡಿರಲಿಲ್ಲ. ಹತ್ತು ದಿನಗಳ ತರುವಾಯ ಅದೇ ತಂಡದ ಇನ್ನೊಬ್ಬನು ನಮಸ್ಕರಿಸಿ ಗುಂಡುಹಾರಿಸಿದನು. ಅವನಿಗೆ ವಿಧಿಸಿದ ಮರಣದಂಡನೆಯನ್ನು ಕಡಿಮೆಮಾಡಬೇಕೆಂದು ಗಾಂಧೀಜಿಯವರ ಮಕ್ಕಳಾದ ಮಣಿಲಾಲ ಮತ್ತು ರಾಮದಾಸರು ಕೇಳಿಕೊಂಡರು. ಸರಕಾರವು ಒಪ್ಪದೆ ೧೯೪೯ರ ನವೆಂಬರ್ ೧೫ರಂದು ಅಂಬಾಲಾ ಸೆರೆಮನೆಯಲ್ಲಿ ಶಿಕ್ಷೆಯನ್ನು ಜಾರಿಗೊಳಿಸಿತು. ಇಲ್ಲಿ ಅವರೇನು ಮಾಡುತ್ತಿದ್ದಾರೆಂದು ಅರಿಯರು ಎಂಬ ಮಾತಿಗೆ ಎಡೆಯಿಲ್ಲ. ಸಾಲಮನ್ನಾದ ಮಾತಿಗೂ ಎಡೆಯಿಲ್ಲ, ಏಕೆಂದರೆ ಸಾಲವನ್ನು ಬಿಡಬೇಕಾದವನು ತೀರಿಹೋಗಿದ್ದಾನೆ. ತಂದೆಯನ್ನು ಕಳೆದುಕೊಂಡ ಆ ಇಬ್ಬರು ಮಕ್ಕಳು ಮಾಡಲು ಹೊರಟದ್ದಕ್ಕೆ ಕನ್ನಡದಲ್ಲಿ ಉಳಿಯುವ ಮಾತು ಒಂದೇ, ಮತ್ತು ಅದು ಬೈಬಲ್ಲಿನ ಯಾವ ಅನುವಾದದಲ್ಲಿಯೂ ಇಲ್ಲ, ಗೋಪನಕೊಪ್ಪದ ಓಣಿಯಲ್ಲಿದೆ.